‘ಲೈಟ್ ಸ್ಪಾರಿಂಗ್’ ಅಂತ ಕರೆದು ದವಡೆ ಊದಿಸಿ ಕಳಿಸೋದು ಯಾವ ಸೀಮೆ ಕರಾಟೆ?

ಮೊದಲೇ ಹೇಳಿಬಿಡುತ್ತೇನೆ, ಏಟು ಬಿತ್ತು ಅಂತ ನನಗೆ ಸಿಟ್ಟಿಲ್ಲ. ಕರಾಟೆಗೆ ಸೇರಿದ ಮೇಲೆ ಕೈ ನೀಲಿಗಟ್ಟುತ್ತೆ, ಕಾಲ್ಬೆರಳು ಉಳುಕುತ್ತೆ, ಅದೆಲ್ಲ ಇದ್ದದ್ದೇ. ಸ್ಪಾರಿಂಗ್‌ಗೆ, ಅಂದರೆ ಇಬ್ಬರು ಎದುರುಬದುರು ನಿಂತು ಆಡೋ ಅಭ್ಯಾಸಕ್ಕೆ ಇಳಿಸುವಾಗ ‘ನಿಧಾನಕ್ಕೆ, ಮುಖಕ್ಕೆ ಬರೀ ಟಚ್’ ಅಂತ ಮಾಸ್ಟರ್ ಬಾಯಲ್ಲಿ ಹೇಳಿ, ಹೇಳಿದ ಅರ್ಧ ನಿಮಿಷಕ್ಕೆ ಫೋನ್ ನೋಡುತ್ತಾ ಗೋಡೆ ಕಡೆ ತಿರುಗಿಕೊಳ್ಳುತ್ತಾರಲ್ಲ, ಅದಕ್ಕೆ ಸಿಟ್ಟು. ನನ್ನೆದುರು ಆಡುತ್ತಿದ್ದ ಹುಡುಗ ಸೊಂಟ ತಿರುಗಿಸಿ ಪೂರ್ತಿ ಬಲ ಹಾಕಿ ಒದ್ದು, ನಾನು ಕೂತ ಮೇಲೆ ‘ಸಾರಿ ಅಕ್ಕ, ಕಂಟ್ರೋಲ್ ಸಿಗ್ಲಿಲ್ಲ’ ಅನ್ನುತ್ತಾನಲ್ಲ, ಅದಕ್ಕೆ ಸಿಟ್ಟು.

ಅವನು ಬ್ರೌನ್ ಬೆಲ್ಟು, ಬ್ಲ್ಯಾಕ್ ಬೆಲ್ಟಿಗೆ ಮುಂಚಿನದು. ಇಂಜಿನಿಯರಿಂಗ್ ಓದುವ ಹುಡುಗ. ನನಗಿಂತ ಒಂದು ಗೇಣು ಎತ್ತರ, ತೂಕವಂತೂ ಕೇಳಲೇಬೇಡಿ. ನಾನು ಅವನಿಗಿಂತ ಕೆಳಗಿನ ಗ್ರೀನ್ ಬೆಲ್ಟು, ವಯಸ್ಸು ನಲವತ್ತರ ಹತ್ತಿರ, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ಮೊದಲು ಚೆನ್ನಾಗೇ ಆಡುತ್ತಿದ್ದ. ಆಮೇಲೆ ನನ್ನದೊಂದು ರಿವರ್ಸ್ ಪಂಚ್ ಅವನ ಹೊಟ್ಟೆಗೆ ಸರಿಯಾಗಿ ಕೂತಿತು. ಮುಟ್ಟಿ ವಾಪಸ್ ಎಳೆದುಕೊಂಡೆ, ಹೊಡೆದಿಲ್ಲ. ಗೋಡೆ ಪಕ್ಕ ಕೂತಿದ್ದ ವೈಟ್ ಬೆಲ್ಟ್ ಮಕ್ಕಳು ‘ಹೋ’ ಅಂದವು. ಅಷ್ಟೇ ಸಾಕಾಯಿತು. ಹೆಂಗಸಿನ ಕೈಲಿ ಪಾಯಿಂಟ್ ಹೋಯಿತು ಅಂತ ಮುಖವೇ ಬದಲಾಯಿತು. ಮುಂದಿನ ಕಿಕ್ ನನ್ನ ಎಡ ದವಡೆಗೆ. ಕಣ್ಣಮುಂದೆ ಒಂದು ಕ್ಷಣ ಬಿಳೀ ಬೆಳಕು, ಕಿವಿಯಲ್ಲಿ ಗುಯ್ ಅನ್ನೋ ಸದ್ದು, ಬಾಯಲ್ಲಿ ರಕ್ತದ ರುಚಿ. ಮೌತ್ ಗಾರ್ಡ್ ಇಲ್ಲದಿದ್ದರೆ ಹಲ್ಲು ಕೈಗೆ ಬರುತ್ತಿತ್ತು.

ಮಾಸ್ಟರ್ ಏನಂದರು ಗೊತ್ತಾ? ‘ನೀರು ಕುಡೀರಿ ಮೇಡಂ, ಇನ್ನೊಂದು ರೌಂಡ್ ಮಾಡೋಣ.’

ಇನ್ನೊಂದು ರೌಂಡಂತೆ! ತಲೆಗೆ ಜೋರು ಏಟು ಬಿದ್ದು ಮಂಕಾದವರನ್ನು ಅವತ್ತು ಮತ್ತೆ ಇಳಿಸಬಾರದು ಅನ್ನೋದು ಯಾವ ಆಟದಲ್ಲಾದರೂ ಮೊದಲನೇ ಪಾಠ. ಮೊದಲನೇ ಏಟಿನಿಂದ ಮಿದುಳು ಸುಧಾರಿಸಿಕೊಳ್ಳುವ ಮುಂಚೆ ಎರಡನೇದು ಬಿದ್ದರೆ ಜೀವಕ್ಕೇ ಬರಬಹುದು. ಒಂದೆರಡು ದಿನ ಸುಮ್ನೆ ರೆಸ್ಟು, ಆಮೇಲೆ ನಡಿಗೆ, ಆಮೇಲೆ ಕಟಾ, ಅಂದರೆ ಎದುರಾಳಿ ಇಲ್ಲದೆ ಒಬ್ಬರೇ ಮಾಡೋ ವರಸೆಗಳ ಅಭ್ಯಾಸ, ಸ್ಪಾರಿಂಗ್ ಎಲ್ಲಕ್ಕಿಂತ ಕೊನೆಗೆ, ಅದೂ ಡಾಕ್ಟರ್ ಒಪ್ಪಿದರೆ. ಇದನ್ನು ಕೌಂಟರ್ ಹಿಂದೆ ನಿಂತು ಮಾತ್ರೆ ಕೊಡೋ ನಾನು ಹೇಳಬೇಕಾ? ಬ್ಲ್ಯಾಕ್ ಬೆಲ್ಟ್ ಮೇಲೆ ಪಟ್ಟಿ ಹೊಲಿಸಿಕೊಂಡಿರೋರಿಗೆ ಗೊತ್ತಿರಬೇಡವಾ?

‘ಹೆಡ್‌ಗಾರ್ಡ್ ಹಾಕ್ಕೊಳ್ಳಿ, ಏನೂ ಆಗಲ್ಲ’ ಅನ್ನೋದು ಇನ್ನೊಂದು. ಹೆಡ್‌ಗಾರ್ಡ್ ಚರ್ಮ ಸೀಳೋದನ್ನು ತಡೆಯುತ್ತೆ, ಊತ ಕಡಿಮೆ ಮಾಡುತ್ತೆ. ಒಳಗೆ ಮಿದುಳು ಅಲುಗಾಡೋದನ್ನು ತಡೆಯುತ್ತೆ ಅಂತ ನಂಬಿಕೊಂಡು ಕೂರಬೇಡಿ. ಸೀನಿಯರ್ ವಿಭಾಗದ ಗಂಡಸರ ಅಮೆಚೂರ್ ಬಾಕ್ಸಿಂಗ್‌ನಲ್ಲಿ 2013ರಲ್ಲೇ ಅದನ್ನು ತೆಗೆಸಿದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬರೀ ತಲೆಯಲ್ಲೇ ಆಡಿದರು. ಆ ತೀರ್ಮಾನ ಸರಿಯೋ ತಪ್ಪೋ ಅನ್ನೋದು ಬೇರೆ ಜಗಳ. ತಲೆಗೆ ಸ್ಪಂಜು ಸುತ್ತಿದ ಮಾತ್ರಕ್ಕೆ ಎದುರಿನವನಿಗೆ ಪೂರ್ತಿ ಬಲ ಹಾಕಲು ಲೈಸೆನ್ಸ್ ಸಿಗುತ್ತಾ?

ಒಲಿಂಪಿಕ್ಸ್ ಅಂದೆ, ಅದನ್ನೂ ಹೇಳಿಬಿಡುತ್ತೇನೆ. ಟೋಕಿಯೊ ಒಲಿಂಪಿಕ್ಸ್‌ಗೆ ಕರಾಟೆ ಬಂದಿತ್ತಲ್ಲ, 2021ರ ಆಗಸ್ಟ್‌ನಲ್ಲಿ. ಗಂಡಸರ 75 ಕೆಜಿ ಮೇಲ್ಪಟ್ಟ ವಿಭಾಗದ ಫೈನಲ್. ಸೌದಿಯ ತಾರೆಗ್ ಹಮೇದಿ 4–1ರಿಂದ ಮುಂದಿದ್ದ. ಇರಾನಿನ ಸಜ್ಜಾದ್ ಗಂಜ್‌ಜಾದೆಗೆ ಒಂದು ಕಿಕ್ ಕೊಟ್ಟ, ಅವನು ಪ್ರಜ್ಞೆ ತಪ್ಪಿ ಬಿದ್ದ. ಚಿನ್ನ ಯಾರಿಗೆ ಬಂತು? ಬಿದ್ದವನಿಗೆ! ಹೊಡೆದವನನ್ನು ಅತಿ ಜೋರಾಗಿ ಹೊಡೆದ ಅಂತ ಡಿಸ್‌ಕ್ವಾಲಿಫೈ ಮಾಡಿದರು. ಕೈಗೆ ಬಂದ ಒಲಿಂಪಿಕ್ ಚಿನ್ನ ಹೋಯಿತು ಸ್ವಾಮಿ, ಕಂಟ್ರೋಲ್ ತಪ್ಪಿದ್ದಕ್ಕೆ. ಆ ತೀರ್ಪಿಗೆ ಬೈದವರೂ ಬೇಕಾದಷ್ಟು ಜನ ಇದ್ದಾರೆ, ಇರಲಿ. ನಮ್ಮ ಮಾಸ್ಟರ್ ಕಲಿಸೋದೂ ಇದೇ ಪಾಯಿಂಟ್ ಕರಾಟೆ, ಅಂದರೆ ಹಿಡಿತದಲ್ಲಿ ಏಟು ಹಾಕಿ ಪಾಯಿಂಟ್ ಗಳಿಸೋದು. ಇದನ್ನು ಹೇಳಿದರೆ ‘ಇದು ಒಲಿಂಪಿಕ್ಸ್ ಅಲ್ಲ ಮೇಡಂ’ ಅಂತ ನಕ್ಕರು. ನಿಜ, ಅಲ್ಲ. ಅಲ್ಲಿ ಮ್ಯಾಟ್ ಪಕ್ಕದಲ್ಲೇ ಡಾಕ್ಟರ್ ಕೂತಿರುತ್ತಾರೆ. ಇಲ್ಲಿ ಐಸ್ ಬೇಕು ಅಂದರೆ ಹುಡುಗರನ್ನು ಎದುರಿನ ಜ್ಯೂಸ್ ಅಂಗಡಿಗೆ ಓಡಿಸಬೇಕು.

ಮ್ಯಾಟ್ ಕಥೆ ಬೇರೆ. ಜೋಡಿಸೋ ಫೋಮ್ ಮ್ಯಾಟುಗಳು, ಹಲ್ಲುಗಳೆಲ್ಲ ಸವೆದು ಬಾಯಿಬಿಟ್ಟಿವೆ. ಬಿಟ್ಟಲ್ಲಿ ಪಾರ್ಸೆಲ್‌ಗೆ ಹಚ್ಚೋ ಬ್ರೌನ್ ಟೇಪು. ಬೆವರಿಗೆ ಟೇಪು ಎದ್ದು ಸುರುಳಿಯಾಗುತ್ತೆ, ಸಂದಿಗೆ ಹೆಬ್ಬೆರಳು ಹೋದರೆ ಉಗುರು ಬುಡದಿಂದ ಏಳುತ್ತೆ. ಕೆಳಗೆ ಸಿಮೆಂಟ್ ನೆಲ. ನಮ್ಮ ತಾತನ ಊರಿನ ಗರಡಿಯಲ್ಲಿ ಕುಸ್ತಿಗೆ ಮೊದಲು ಮಟ್ಟಿ ಅಗೆದು, ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುತ್ತಿದ್ದರಂತೆ. ಹೊಸ ಹುಡುಗನ ಮೇಲೆ ದೊಡ್ಡ ಪೈಲ್ವಾನ ಬಲ ತೋರಿಸಿದರೆ ಉಸ್ತಾದರು ಅಲ್ಲೇ ಇಳಿಸಿ ಬೈಯುತ್ತಿದ್ದರಂತೆ. ನಮ್ಮಲ್ಲಿ ಗ್ರೇಡಿಂಗ್ ಫೀಸು, ಅದೇ ಬೆಲ್ಟ್ ಪರೀಕ್ಷೆಯದು, ಮಾತ್ರ ಒಂದು ದಿನ ತಡ ಆಗಬಾರದು.

ಸೋಮವಾರ ಬಂದರೆ ನಮ್ಮ ಅಂಗಡಿಗೆ ಕ್ರೇಪ್ ಬ್ಯಾಂಡೇಜ್ ಗಿರಾಕಿಗಳು. ಭಾನುವಾರ ಸ್ಪಾರಿಂಗ್ ಅಲ್ವಾ. ಅಲ್ಲಿ ಸಾರ್ ಅನ್ನಿಸಿಕೊಳ್ಳೋ ಸೀನಿಯರ್‌ಗಳೇ ಕುಂಟುತ್ತಾ ಬಂದು ‘ಅಕ್ಕ, ಸ್ಟ್ರಾಂಗ್ ಆಗಿರೋದು ಒಂದು ಪೇನ್‌ಕಿಲ್ಲರ್ ಕೊಡಿ’ ಅನ್ನುತ್ತಾರೆ. ತಲೆಗೆ ಏಟು ತಿಂದವರೂ ಅದನ್ನೇ ಕೇಳುತ್ತಾರೆ. ನುಂಗಿ ಮಲಗಿಬಿಟ್ಟರೆ ತಲೆನೋವು ಜಾಸ್ತಿ ಆಗುತ್ತಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ನಾನು ಕೊಡಲ್ಲ, ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತೇನೆ. ಪಕ್ಕದ ಅಂಗಡಿಗೆ ಹೋಗುತ್ತಾರೆ. ಮೊನ್ನೆ ಮಕ್ಕಳ ಬ್ಯಾಚಿನ ಒಬ್ಬ ಹುಡುಗನ ಕಿರುಬೆರಳು ಬದನೆಕಾಯಿ ಹಾಗೆ ಊದಿತ್ತು. ಮಾಸ್ಟರ್ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ ಕಳಿಸಿದ್ದರಂತೆ. ಅವರಮ್ಮ ‘ಪುತ್ತೂರು ಕಟ್ಟು ಹಾಕಿಸಿಬಿಡ್ತೀವಿ’ ಅಂದರು. ಮೊದಲು ಎಕ್ಸ್‌ರೇ ತೆಗೆಸಿ ತಾಯೀ, ಬೆಳೆಯೋ ಮೂಳೆ, ತುದಿಯಲ್ಲಿ ಪೆಟ್ಟಾಗಿದ್ದರೆ ಬೆರಳು ಸೊಟ್ಟಗೆ ಬೆಳೆಯಬಹುದು ಅಂತ ಬೇಡಿಕೊಂಡೆ. ಅವರು ಮಾಸ್ಟರ್‌ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಮಗನಿಗೆ ಬೆಲ್ಟ್ ಸಿಗಲ್ಲ ಅಂತ ಭಯ.

ನನ್ನ ಮುಖದ್ದು ಬೇರೆಯೇ ಫಜೀತಿ. ದವಡೆ ಮೇಲೆ ಹಸಿರು, ಹಳದಿ, ನೇರಳೆ. ಅಂಗಡಿಗೆ ಬಂದವರೆಲ್ಲ ‘ಏನಾಯ್ತಮ್ಮ, ಬಿದ್ರಾ?’ ಅಂತ ದನಿ ತಗ್ಗಿಸಿ ಕೇಳೋರೇ. ಕರಾಟೆ ಕ್ಲಾಸಲ್ಲಿ ಆಗಿದ್ದು ಅಂದರೆ ಒಬ್ಬರೂ ನಂಬಲ್ಲ. ‘ಹೋಗಲಿ ಬಿಡಮ್ಮ, ಗಂಡಸರ ಬುದ್ಧಿನೇ ಅಷ್ಟು’ ಅಂತ ಒಬ್ಬ ಅಜ್ಜಿ ಕೈ ಸವರಿ ಹೋದರು. ಪಾಪ ನಮ್ಮ ಮನೆಯವರು, ಸೊಳ್ಳೆ ಹೊಡೆಯೋಕೂ ಹಿಂದೆಮುಂದೆ ನೋಡೋ ಮನುಷ್ಯ, ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಪರಿಚಯದವರು ಸಿಕ್ಕರೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಾರೆ.

ಇಷ್ಟಕ್ಕೆಲ್ಲ ಯಾಕಿಷ್ಟು ಕೂಗಾಟ ಅಂತ ನಮ್ಮ ಕ್ಲಾಸಿನವರೇ ಕೇಳುತ್ತಾರೆ. ‘ಗಟ್ಟಿ ಆಗಬೇಕು ಅಂದ್ರೆ ಏಟು ತಿನ್ನಲೇಬೇಕು’ ಅನ್ನೋದು ಅವರ ಮಂತ್ರ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಒಬ್ಬ ಹುಡುಗ ಏಟು ತಿಂದು ಬಿದ್ದವನು ಬದುಕಲೇ ಇಲ್ಲ. ಚಿಕಿತ್ಸೆಯ ವ್ಯವಸ್ಥೆ ಸರಿಯಾಗಿ ಇರಲಿಲ್ಲ ಅಂತ ಅವನ ಕಡೆಯವರು ದೂರಿದ್ದು ಪೇಪರಿನಲ್ಲಿ ಬಂದಿತ್ತು. ಅವನಿಗಿಂತ ಗಟ್ಟಿಯೇನ್ರೀ ನಾವು? ಅವನು ಪಂದ್ಯಕ್ಕೆ ಅಂತಲೇ ತಯಾರಾಗಿ ಹೋಗಿದ್ದವನು. ನಾವು ಸಂಜೆ ಕೆಲಸ ಮುಗಿಸಿ, ಮನೆಯಲ್ಲಿ ಅನ್ನಕ್ಕಿಟ್ಟು ಬರೋ ಜನ.

ದವಡೆಗೆ ಒಂದು ಬೆರಳಿನಷ್ಟು ದೂರದಲ್ಲಿ ಕಾಲು ನಿಲ್ಲಿಸೋಕೆ ಬರದವನಿಗೆ ಬ್ರೌನ್ ಬೆಲ್ಟ್ ಯಾಕೆ ಕೊಟ್ಟಿರಿ ಅಂತ ಮಾಸ್ಟರನ್ನು ಎಲ್ಲರ ಮುಂದೆ ಕೇಳಿದ್ದೇನೆ. ‘ನಿಮಗೆ ಭಯ ಇದ್ರೆ ಕಟಾ ಮಾತ್ರ ಮಾಡಿ ಮೇಡಂ’ ಅಂದರು. ಭಯ ಅಂತೆ! ಕಲಿಯೋದೂ ನಾನೇ, ಫೀಸು ಕೊಡೋದೂ ನಾನೇ, ಮೂಲೆಗೆ ಹೋಗಬೇಕಾದ್ದೂ ನಾನೇ. ಅವನು ಮಾತ್ರ ನಡುಮಧ್ಯ ನಿಂತು ಮುಂದಿನವರನ್ನು ಕರೆಯುತ್ತಿರಬೇಕು.

ಹಾಗಾಗಿ ತುಮಕೂರಿನವರು ಯಾರಾದರೂ ಹೇಳಿ. ಬಟವಾಡಿ ಕಡೆಯಾಗಲಿ, ಕ್ಯಾತ್ಸಂದ್ರದ ಕಡೆಯಾಗಲಿ, ಸ್ಪಾರಿಂಗ್ ಮುಗಿಯೋವರೆಗೆ ಮಾಸ್ಟರ್ ಫೋನ್ ಜೇಬಲ್ಲಿಟ್ಟು ನೋಡುವಂಥ ಕ್ಲಾಸು ಇದ್ದರೆ ತಿಳಿಸಿ. ಸಂಜೆ ಏಳರ ಮೇಲೆ ಆದರೆ ಒಳ್ಳೆಯದು, ಅಂಗಡಿ ಬಿಟ್ಟು ಬರಬೇಕು. ಫೀಸು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.