ಬ್ಯಾಸ್ ಮೀನಿನ ಮೂಡು

ಅಮೆರಿಕದಲ್ಲಿ ಮಾರ್ಚ್ ತಿಂಗಳ ಹವೆಯನ್ನು ನಂಬಿ ಕೆಟ್ಟವರಲ್ಲಿ ಬ್ಯಾಸ್ ಮೀನು ಹಿಡಿಯುವವರದೇ ಮೊದಲ ಸಾಲು. ಒಂದು ದಿನ ಅಂಗಿಯ ತೋಳು ಮಡಚುವಷ್ಟು ಬಿಸಿಲು. ಮರುದಿನ ಬೆಳಿಗ್ಗೆ ಗಾಳದ ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟಿ ದಾರವೇ ಓಡುವುದಿಲ್ಲ. ಮೇಲೆ ಮಾತ್ರ ಒಂದು ಚೂರೂ ಮೋಡವಿಲ್ಲದ ನೀಲಿ ಆಕಾಶ. ಫೋಟೋ ತೆಗೆಯುವವರಿಗೆ ಹಬ್ಬ. ಗಾಳ ಹಾಕುವವರಿಗೆ ಉಪವಾಸ.

ಬ್ಯಾಸ್‌ಗಳಲ್ಲಿ ಜಾತಿ ಹಲವು. ಜನ ಹೆಚ್ಚು ಹುಚ್ಚು ಹಚ್ಚಿಕೊಂಡಿರುವುದು ಲಾರ್ಜ್‌ಮೌತ್‌ಗೆ. ಹೆಸರಿಗೆ ತಕ್ಕ ಬಾಯಿ. ಮುಚ್ಚಿಕೊಂಡಿದ್ದಾಗಲೂ ಮೇಲ್ದವಡೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದೆ. ಸಣ್ಣ ಮೀನು, ಕಪ್ಪೆ, ಸೀಗಡಿಯಂಥ ಕ್ರೇಫಿಶ್, ಏನು ಸಿಕ್ಕರೂ ಸರಿ. ಇಂಥ ಹೊಟ್ಟೆಬಾಕ ಹಟ ಹಿಡಿದು ಊಟ ಬಿಡುತ್ತದೆ ಅಂದರೆ ನಂಬುವುದು ಹೇಗೆ? ಆದರೆ ಚಳಿಗಾಳಿ ಬೀಸಿ ಹೋದ ಮರುದಿನ ಹೆಚ್ಚುಕಡಿಮೆ ಹಾಗೇ ಆಗುತ್ತದೆ. ನಿನ್ನೆ ದಂಡೆಯ ಹತ್ತಿರ ಓಡಾಡುತ್ತಿದ್ದ ಮೀನು ಇವತ್ತು ಮುಳುಗಿದ ಮರದ ಬುಡಕ್ಕೆ ಅಂಟಿಕೊಂಡು ಕೂರುತ್ತದೆ. ಮೂಗಿನ ಮುಂದೆ ಎರೆ ಆಡಿಸಿದರೂ ಅಲುಗುವುದಿಲ್ಲ.

ಇದಕ್ಕೆ ದೋಣಿಕಟ್ಟೆಯಲ್ಲಿ ಸಿಗುವ ಉತ್ತರ ಒಂದೇ: ಗಾಳಿಯ ಒತ್ತಡ ಏರಿದೆ. ಎಷ್ಟೋ ಜನ ಇದನ್ನು ನೋಡುವುದಕ್ಕೇ ಫೋನಿನಲ್ಲಿ ಆ್ಯಪ್ ಇಟ್ಟುಕೊಂಡಿರುತ್ತಾರೆ. ನನಗೆ ಈ ಉತ್ತರದ ಮೇಲೆ ಅನುಮಾನ. ಸುಮ್ನೆ ಲೆಕ್ಕ ಹಾಕಿ ನೋಡಿ. ಹವೆ ಬದಲಾದಾಗ ಒತ್ತಡ 20 ಮಿಲಿಬಾರ್ ಏರಿದರೆ ಅದೇ ದೊಡ್ಡ ಮಾತು. ನೀರಿನಲ್ಲಿ ಒಂದು ಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 100 ಮಿಲಿಬಾರ್ ಹೆಚ್ಚುತ್ತದೆ. ಅಂದರೆ ಆಕಾಶದಲ್ಲಿ ಅಷ್ಟೆಲ್ಲ ಗಲಾಟೆಯಾಗಿ ಬಂದ ಒತ್ತಡ, ಮೀನು ಒಂದು ಗೇಣು ಮೇಲೆ ಕೆಳಗೆ ಮಾಡಿದರೆ ಸರಿಹೋಗುವಂಥದ್ದು. ದಿನವಿಡೀ ಅದಕ್ಕಿಂತ ಜಾಸ್ತಿ ಏರಿಳಿಯುವ ಪ್ರಾಣಿಗೆ ಇದೊಂದು ತಲೆನೋವೇ? ದಂಡೆಯ ನೀರು ರಾತ್ರೋರಾತ್ರಿ ತಣ್ಣಗಾಗಿರುವುದು, ಮೋಡವಿಲ್ಲದೆ ಬೆಳಕು ನೇರ ಒಳಗಿಳಿಯುವುದು, ಮೀನಿನ ಹಟಕ್ಕೆ ಇವೆರಡೇ ಕಾರಣ ಅಂತ ನನ್ನ ಗುಮಾನಿ. ಆದರೆ ಒತ್ತಡದ ನೆಪದಲ್ಲಿ ಒಂದು ಅನುಕೂಲ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಖಾಲಿ ಕೈಯಲ್ಲಿ ಮನೆಗೆ ಹೋದಾಗ ಯಾರೂ ಎದುರು ವಾದಿಸುವುದಿಲ್ಲ.

ಈ ಕಾಲದಲ್ಲಿ ನಂಬಬಹುದಾದ್ದು ಥರ್ಮಾಮೀಟರ್. ಮೀನಿನ ಮೈ ಬಿಸಿ ಸುತ್ತಲ ನೀರಿನಷ್ಟೇ. ನೀರು ತಣ್ಣಗಿದ್ದರೆ ಹಸಿವೂ ನಿಧಾನ, ಜೀರ್ಣವೂ ನಿಧಾನ. ನೀರು 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15-16 ಸೆಲ್ಸಿಯಸ್ ದಾಟುವ ಹೊತ್ತಿಗೆ ಮೊಟ್ಟೆಯ ಕಾಲ ಶುರು. ಗಂಡು ಬಾಲದಿಂದ ಕೆಸರು ಗುಡಿಸಿ ಗೂಡು ಮಾಡಿ, ಆಮೇಲೆ ಕಾವಲೂ ತಾನೇ ಕೂರುತ್ತದೆ. ಅದಕ್ಕೂ ಮುಂಚಿನ ವಾರಗಳಲ್ಲಿ, ಮೈ ತುಂಬಿಸಿಕೊಳ್ಳಲು ದಂಡೆಯತ್ತ ಬರುವ ಹೆಣ್ಣುಗಳಿಗಾಗಿಯೇ ಜನ ಈ ಚಳಿಯಲ್ಲಿ ಮೂಗು ಕೆಂಪು ಮಾಡಿಕೊಳ್ಳುವುದು.

ಒಂದೇ ಕೆರೆಯಲ್ಲಿ ಒಂದೇ ಹವೆ ಇರುವುದಿಲ್ಲ ಅನ್ನುವುದು ಇದರ ಸೊಗಸು. ಉತ್ತರದ ದಂಡೆಗೆ ಬಿಸಿಲು ಚೆನ್ನಾಗಿ ಬಿದ್ದು, ಉತ್ತರದ ಗಾಳಿಗೆ ಮರೆಯೂ ಸಿಗುವುದರಿಂದ ಅಲ್ಲಿ ವಸಂತ ಮೊದಲು ಬರುತ್ತದೆ. ಕಲ್ಲು ಹಾಸಿದ ಕಡೆ ಇನ್ನೂ ಬೇಗ. ಕದಡಿದ ನೀರು ತಿಳಿನೀರಿಗಿಂತ ಬೇಗ ಬಿಸಿಯಾಗುತ್ತದೆ. ಬೆಚ್ಚಗಿನ ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತಿದ್ದರೆ ಮೇಲಿನ ಬಿಸಿ ನೀರೆಲ್ಲ ಎದುರು ದಂಡೆಗೆ ಹೋಗಿ ಸೇರುತ್ತದೆ. ಅಲ್ಲಿ ಎರಡು ಡಿಗ್ರಿ ಹೆಚ್ಚು ಕಂಡರೆ ಸಾಕು, ಗಾಳದವರ ಮುಖ ಅರಳುತ್ತದೆ.

ದೊಡ್ಡ ಪಂದ್ಯಗಳವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2015ರ ಫೆಬ್ರವರಿಯಲ್ಲಿ ಹಾರ್ಟ್‌ವೆಲ್ ಸರೋವರದಲ್ಲಿ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ಅನ್ನುವ ಬ್ಯಾಸ್ ಪಂದ್ಯ ನಡೆದದ್ದು ಕೊರೆಯುವ ಚಳಿಯಲ್ಲಿ. ಗೆದ್ದವರು ಅದೇ ಸೀಮೆಯ, ದಕ್ಷಿಣ ಕೆರೊಲಿನಾದ ಕೇಸಿ ಆ್ಯಶ್ಲಿ. ಆ ನೀರಿನ ಜೊತೆ ಬೆಳೆದವರಿಗೆ ಅದರ ಚಳಿಗಾಲದ ಗುಟ್ಟೂ ಸ್ವಲ್ಪ ಗೊತ್ತಿರುತ್ತದೆ, ಅಲ್ವಾ?

ನೀರು ತಣ್ಣಗಿರುವಾಗ ಕೈಯೂ ನಿಧಾನವಾಗಬೇಕು. ಜರ್ಕ್‌ಬೈಟ್ ಅಂತ ಸಪೂರ ಪ್ಲಾಸ್ಟಿಕ್ ಮೀನು ಇದೆ. ಅದನ್ನು ಎರಡು ಸಲ ಜಗ್ಗಿ ಸುಮ್ಮನೆ ಬಿಡಬೇಕು. ಹತ್ತು ಎಣಿಸಬೇಕು. ಸಾಲದಿದ್ದರೆ ಇಪ್ಪತ್ತು. ಮೀನು ಬಾಯಿ ಹಾಕುವುದು ಹೆಚ್ಚಾಗಿ ಆ ಸುಮ್ಮನಿರುವ ಹೊತ್ತಿನಲ್ಲೇ. ಏಳು ಎಣಿಸುವ ಹೊತ್ತಿಗೇ ಎಲ್ಲರ ಕೈಯೂ ತುರಿಸುತ್ತದೆ ಅನ್ನುವುದು ಬೇರೆ ಮಾತು.

ಹವೆ ಮೂರು ದಿನ ಒಂದೇ ಸಮ ಇದ್ದರೆ ಮೀನು ಮತ್ತೆ ದಂಡೆಗೆ ಬರುತ್ತದೆ ಅಂತ ಹಳಬರು ಹೇಳುತ್ತಾರೆ. ನನ್ನ ಅನುಭವವೂ ಹೆಚ್ಚುಕಡಿಮೆ ಅದೇ. ಆದರೆ ವಾರಕ್ಕೆ ಎರಡೇ ದಿನ ರಜೆ ಇರುವವರಿಗೆ ಆ ಮೂರನೇ ದಿನ ಬರುವುದು ಯಾವಾಗಲೂ ಸೋಮವಾರವೇ.