ಸಿಹಿ ಸ್ಟೌಟಿಗೆ ಕೋಲಾರದ ಅಡುಗೆಯೇ ಸರಿ

ಸಿಹಿ ಸ್ಟೌಟ್ ಅನ್ನೋ ಕಪ್ಪು ಬಿಯರನ್ನು ಇಂಗ್ಲೆಂಡಿನವರು ಕುಡಿಯೋ ರೀತಿ ನನಗೆ ತುಂಬಾ ಇಷ್ಟ. ಅದರ ಜೊತೆ ಅವರು ತಿನ್ನೋದು ಮಾತ್ರ ಇಷ್ಟವಿಲ್ಲ. ನಮ್ಮ ಕೋಲಾರದ ಕಡೆ ನಂಜಿಕೊಳ್ಳೋಕೆ ಮಾಡೋ ಅಡುಗೆಗೆ ಸಾಟಿಯೇ ಇಲ್ಲ, ಆದರೆ ಬಿಯರ್ ಕುಡಿಯೋದು ಗಡಿಬಿಡಿಯಲ್ಲಿ. ಇಂಗ್ಲೆಂಡಿನವರ ನಿಧಾನ, ನಮ್ಮ ಅಡುಗೆ ಎರಡೂ ಒಂದೇ ಮೇಜಿಗೆ ಬರಬೇಕು ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ.

ನಾನೀಗ ಇರುವುದು ಇಂಗ್ಲೆಂಡಿನ ಕೆಂಟ್‌ನಲ್ಲಿ. ಈ ಬಿಯರು ಹೆಸರುವಾಸಿಯಾದದ್ದೂ ಇಲ್ಲಿಂದಲೇ. ಹೈತ್ ಅಂತ ಸಮುದ್ರದ ದಡದ ಒಂದು ಸಣ್ಣ ಊರು. ಅಲ್ಲಿ ಮ್ಯಾಕೆಸನ್ ಅನ್ನೋ ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಕಂಪನಿ, 1907ರಲ್ಲಿ ಈ ಸಿಹಿ ಸ್ಟೌಟನ್ನು ಮಿಲ್ಕ್ ಸ್ಟೌಟ್ ಅನ್ನೋ ಹೆಸರಲ್ಲಿ ಮಾಡಿ ಮಾರಲು ಶುರು ಮಾಡಿತು. ಲೇಬಲ್ ಮೇಲೆ ಹಾಲಿನ ಕ್ಯಾನಿನ ಚಿತ್ರ. ಬಾಣಂತಿಯರಿಗೆ, ಕಾಯಿಲೆಯಿಂದ ಎದ್ದವರಿಗೆ ಶಕ್ತಿ ಬರುತ್ತದೆ ಅಂತ ಆಗ ಇಂಥ ಬಿಯರನ್ನು ಮಾರುತ್ತಿದ್ದರು. ಈಗ ಯಾವ ವೈದ್ಯರೂ ಹಾಗೆ ಹೇಳುವುದಿಲ್ಲ, ಹೇಳಲೂಬಾರದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ರಿಟನ್ನಿನಲ್ಲಿ ಬಾಟಲಿಯ ಮೇಲಿಂದ 'ಮಿಲ್ಕ್' ಅನ್ನೋ ಮಾತನ್ನೇ ತೆಗೆಸಿದರು.

ಹಾಗಂತ ಇದಕ್ಕೆ ಹಾಲು ಸುರಿಯುವುದಿಲ್ಲ. ಹಾಕುವುದು ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಬಿಯರ್ ಹುಳಿ ಬರಿಸುವ ಯೀಸ್ಟ್ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಕ್ಕರೆಯನ್ನು ತಿಂದು ಮದ್ಯ ಮಾಡುತ್ತದೆ. ಲ್ಯಾಕ್ಟೋಸನ್ನು ಒಡೆಯಲು ಅದಕ್ಕೆ ಆಗುವುದಿಲ್ಲ. ಅದು ಹಾಗೇ ಉಳಿದುಬಿಡುತ್ತದೆ. ಲ್ಯಾಕ್ಟೋಸಿನ ಸಿಹಿ ನಮ್ಮ ಅಡುಗೆಮನೆ ಸಕ್ಕರೆಯ ಐದನೇ ಒಂದು ಪಾಲಿನಷ್ಟಿರಬಹುದು, ಅಷ್ಟೇ. ಹಾಗಾಗಿ ಒಳ್ಳೆ ಮಿಲ್ಕ್ ಸ್ಟೌಟ್ ಪಾನಕದ ಥರ ಸಿಹಿ ಇರುವುದಿಲ್ಲ. ನಾಲಿಗೆ ಮೇಲೆ ದಪ್ಪಗೆ, ನುಣ್ಣಗೆ ಹರಿಯುತ್ತದೆ. ಕೆಲವರು ಓಟ್ಸ್ ಕೂಡ ಸೇರಿಸುತ್ತಾರೆ, ಇನ್ನಷ್ಟು ನುಣುಪು ಬರಲಿ ಅಂತ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮಾತ್ರ ಹುಷಾರಾಗಿರಬೇಕು. ನಮ್ಮ ಕಡೆ ಅಂಥವರು ಜಾಸ್ತಿ.

ಕಪ್ಪು ಬಣ್ಣ, ಕಾಫಿ ಚಾಕೊಲೇಟಿನ ಘಮ ಬರುವುದು ಚೆನ್ನಾಗಿ ಹುರಿದ ಮಾಲ್ಟಿನಿಂದ. 1817ರಲ್ಲಿ ಡೇನಿಯಲ್ ವೀಲರ್ ಅನ್ನುವವನು ಮಾಲ್ಟನ್ನು ಉರುಳೆಯಲ್ಲಿ ತಿರುಗಿಸುತ್ತಾ ಸುಡದಂತೆ ಕಪ್ಪಗೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇವತ್ತಿನ ಕಪ್ಪು ಬಿಯರುಗಳೆಲ್ಲ ಆ ಯಂತ್ರದ ಋಣದಲ್ಲಿವೆ. ಕೋಲಾರದವರಿಗೆ ಈ ಘಮ ಹೊಸದೇನಲ್ಲ. ರಾಗಿಯನ್ನು ನೆನೆಸಿ, ಆರಹಾಕಿ, ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿ ಮಾಡುತ್ತಾರಲ್ಲ ಹುರಿಹಿಟ್ಟು, ಅದಕ್ಕೆ ಬೆಲ್ಲ, ಹಾಲು ಹಾಕಿ ಕಲಸುವಾಗ ಬರುವ ಘಮ ನೆನಪಿಸಿಕೊಳ್ಳಿ. ಮಿಲ್ಕ್ ಸ್ಟೌಟಿನ ಮೊದಲ ಗುಟುಕಿನಲ್ಲಿ ಇರುವುದು ಹೆಚ್ಚುಕಡಿಮೆ ಅದೇ. ಹುರಿದ ಧಾನ್ಯದ ಸಣ್ಣ ಕಹಿ, ಅದನ್ನು ಸಮಾಧಾನ ಮಾಡುವ ಹಾಲಿನ ಸಿಹಿ.

ಈಗ ಕುಡಿಯೋ ರೀತಿಗೆ ಬರೋಣ. ಊರಿನ ಬಾರಿನಲ್ಲಿ ಮೊದಲ ಪ್ರಶ್ನೆ 'ಚಿಲ್ಡ್ ಇದೆಯಾ?' ಎರಡನೇದು 'ಸ್ಟ್ರಾಂಗ್ ಯಾವುದಿದೆ?' 650 ಮಿಲಿಯ ಬಾಟಲಿ ಮೇಜಿಗೆ ಬಂದರೆ ತಣ್ಣಗಿರುವಾಗಲೇ ಮುಗಿಸುವ ಅವಸರ. ಮಂದ ಬೆಳಕು, ಯಾರಾದರೂ ನೋಡಿಬಿಟ್ಟಾರು ಅನ್ನೋ ಅಂಜಿಕೆ ಬೇರೆ. ಇಲ್ಲಿ ಪಬ್ಬಿಗೆ ಅಜ್ಜ ಅಜ್ಜಿಯೂ ಬರುತ್ತಾರೆ, ನಾಯಿಯನ್ನೂ ಕರೆತರುತ್ತಾರೆ. ಅರ್ಧ ಪೈಂಟ್, ಅಂದರೆ 284 ಮಿಲಿ, ಮುಂದಿಟ್ಟುಕೊಂಡು ಒಂದು ಗಂಟೆ ಹರಟೆ ಹೊಡೆಯುತ್ತಾರೆ. ಅರ್ಧ ಪೈಂಟ್ ಕೇಳಿದರೆ ಯಾರೂ ಹಗುರವಾಗಿ ನೋಡುವುದಿಲ್ಲ. ಇದು ನಾವು ಕಲಿಯಲೇಬೇಕಾದ ವಿಷಯ. ಕುಡಿಯುವುದನ್ನು ಬಚ್ಚಿಟ್ಟರೆ ಅವಸರ ಬರುತ್ತದೆ. ಅವಸರದಲ್ಲಿ ರುಚಿಯೂ ಗೊತ್ತಾಗಲ್ಲ, ಎಷ್ಟು ಕುಡಿದೆವು ಅನ್ನೋದೂ ಗೊತ್ತಾಗಲ್ಲ.

ತಣ್ಣಗೆ ಕೊರೆಯುವಂತೆ ಕುಡಿದರೆ ಸ್ಟೌಟಿನ ಅರ್ಧ ಜೀವ ಹೋಯಿತು ಅಂತಲೇ ಲೆಕ್ಕ. ಘಮ ಮೇಲೇಳುವುದಿಲ್ಲ, ಸಿಹಿ ಅಡಗುತ್ತದೆ, ಉಳಿಯುವುದು ಬರೀ ಕಹಿ. ಸುಮಾರು 8ರಿಂದ 12 ಡಿಗ್ರಿ ಇದಕ್ಕೆ ಸರಿ. ಇಲ್ಲಿ ಚಳಿಗಾಲದಲ್ಲಿ ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಇಡಬೇಕು. ಕೋಲಾರದ ಏಪ್ರಿಲ್‌ನಲ್ಲಿ ಹತ್ತು ನಿಮಿಷ ಸಾಕು. ಕಳೆದ ಸಲ ಊರಿಗೆ ಹೋದಾಗ ಕೆಲವು ಕ್ಯಾನ್ ಒಯ್ದಿದ್ದೆ. ವಿಮಾನದಲ್ಲಿ ಬರುವವರು 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಮಹಡಿ ಮೇಲೆ ಚಾಪೆ ಹಾಸಿ ಕೂತಿದ್ದೆವು. ಚಿಕ್ಕಪ್ಪನ ಮಗ ಕ್ಯಾನ್ ಮುಟ್ಟಿ ನೋಡಿ, 'ಏನಣ್ಣಾ, ಇಷ್ಟು ಬೆಚ್ಚಗಿರೋದನ್ನ ಹೆಂಗೆ ಕುಡಿಯೋದು?' ಅಂದ. ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಆಮೇಲೆ ನುಂಗು ಅಂದೆ. ನುಂಗಿದ. ಮಾತಾಡಲಿಲ್ಲ. ಲೋಟ ಎತ್ತಿ ಮೂಸಿ ನೋಡಿದ. 'ಅಣ್ಣಾ, ಹುರಿಗಡಲೆ ವಾಸನೆ ಬರ್ತಿದೆ ಅಲ್ವಾ?' ಅಂದ. ಬಿಯರ್ ಲೋಟವನ್ನು ಮೂಸಿ ನೋಡಬಹುದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಲೋಟದ ಬಗ್ಗೆಯೂ ಒಂದು ಮಾತು. ಗಾಜಿನದೇ ಇರಲಿ, ಎಣ್ಣೆ ಜಿಡ್ಡು, ಸೋಪಿನ ಅಂಶ ಎಳ್ಳಷ್ಟೂ ಇರಬಾರದು. ಇದ್ದರೆ ನೊರೆ ನಿಲ್ಲುವುದಿಲ್ಲ. ಸಾಮಾನ್ಯ ಬಾಟಲಿಯಾದರೆ ಲೋಟ ಓರೆ ಮಾಡಿ ನಿಧಾನಕ್ಕೆ ಸುರಿಯಿರಿ, ಕೊನೆಗೆ ನೆಟ್ಟಗೆ ಹಿಡಿದು ಒಂದೆರಡು ಬೆರಳು ನೊರೆ ಬರಿಸಿ. ನೈಟ್ರೋ ಅಂತ ಬರೆದಿದ್ದರೆ ರೀತಿ ಬೇರೆ. ಅದರಲ್ಲಿ ನೈಟ್ರೋಜನ್ ಅನಿಲ ಇರುತ್ತದೆ. ಅದು ದ್ರವದಲ್ಲಿ ಅಷ್ಟಾಗಿ ಕರಗುವುದಿಲ್ಲ, ಹಾಗಾಗಿ ಗುಳ್ಳೆಗಳು ಬಲು ಸಣ್ಣವು, ನೊರೆ ಬೆಣ್ಣೆ ಹದ. ಗಿನ್ನಿಸ್ ಕಂಪನಿಯಲ್ಲಿ ಮೈಕೆಲ್ ಆ್ಯಶ್ 1959ರ ಹೊತ್ತಿಗೆ ಇದನ್ನು ಸಾಧಿಸಿದರು. ಅಮೆರಿಕದ ಕೊಲೊರಾಡೊದ ಲೆಫ್ಟ್ ಹ್ಯಾಂಡ್ ಬ್ರೂವರಿಯವರು ತಮ್ಮ ನೈಟ್ರೋ ಮಿಲ್ಕ್ ಸ್ಟೌಟನ್ನು ಜೋರಾಗಿ ಸುರಿಯಿರಿ ಅಂತಲೇ ಹೇಳುತ್ತಾರೆ. ಸುರಿದ ಮೇಲೆ ಕಪ್ಪು ಕಂದು ಬೇರೆಬೇರೆ ಆಗುವವರೆಗೆ ಮುಟ್ಟಬೇಡಿ.

'ಇದು ಚಳಿ ದೇಶದವರ ಬಿಯರ್, ನಮ್ಮ ಬಿಸಿಲಿಗೆ ಆಗಲ್ಲ' ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಪಕ್ಕದ ಶ್ರೀಲಂಕಾದಲ್ಲಿ ಲಯನ್ ಸ್ಟೌಟ್ ಇದೆ, ಜಮೈಕಾದಲ್ಲಿ ಡ್ರ್ಯಾಗನ್ ಸ್ಟೌಟ್ ಇದೆ. ಹೈತ್‌ನ ಬ್ರೂವರಿ 1968ರಲ್ಲೇ ಮುಚ್ಚಿಹೋಯಿತು, ಮ್ಯಾಕೆಸನ್ ಬ್ರಿಟನ್ನಿನಲ್ಲೇ ಅಪರೂಪವಾಗುತ್ತಾ ಬಂತು. ಆದರೆ ಟ್ರಿನಿಡಾಡ್‌ನ ಉರಿಬಿಸಿಲಲ್ಲಿ ಜನ ಅದನ್ನು ಕೈಬಿಟ್ಟಿಲ್ಲ. ಅವರೂ ನಮ್ಮ ಹಾಗೆ ಖಾರ ತಿನ್ನುವವರೇ.

ಖಾರದ ವಿಷಯ ಬಂದಾಗ ನನಗೆ ಕೋಲಾರದ ಅಡುಗೆಮನೆಯೇ ಕಣ್ಣ ಮುಂದೆ. ಇಲ್ಲಿ ಪಬ್ಬಿನಲ್ಲಿ ಸಿಗುವುದು ಚಿಪ್ಸ್ ಪೊಟ್ಟಣ, ಉಪ್ಪು ಕಡಲೆಕಾಯಿಬೀಜ. ದೊಡ್ಡ ಹೋಟೆಲಾದರೆ ಸ್ಟೌಟಿಗೆ ಚಾಕೊಲೇಟ್ ಕೇಕ್ ಕೊಡುತ್ತಾರೆ. ನನ್ನ ಪ್ರಕಾರ ಅದು ತಪ್ಪು ಜೋಡಿ. ತಿನಿಸು ಬಿಯರಿಗಿಂತ ಸಿಹಿಯಾದರೆ ಬಿಯರ್ ಸಪ್ಪೆ ಆಗುತ್ತದೆ, ಕಹಿ ಎದ್ದು ಕಾಣುತ್ತದೆ. ಅದರ ಬದಲು ಮೆಣಸು ಹಾಕಿ ಒಣಗಲು ಹುರಿದ ನಾಟಿಕೋಳಿ ಇಡಿ. ಬಾಣಲೆಯ ತಳಕ್ಕೆ ಹತ್ತಿ ಕಂದಾದ ಆ ಮಸಾಲೆ ಇರುತ್ತದಲ್ಲ, ಅದಕ್ಕೂ ಹುರಿದ ಮಾಲ್ಟಿಗೂ ಸ್ವಂತ ಅಣ್ಣತಮ್ಮಂದಿರ ರುಚಿ. ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವು, ಜಾಸ್ತಿ ಇರೋ ಕಹಿ ಬಿಯರ್ ಖಾರವನ್ನು ಇನ್ನೂ ಕೆರಳಿಸುತ್ತದೆ. ಸ್ಟೌಟಿನ ಸಿಹಿ ಅದನ್ನು ತಗ್ಗಿಸುತ್ತದೆ. ಮಟನ್ ಚಾಪ್ಸ್, ಲಿವರ್ ಫ್ರೈ ಕೂಡ ಹೀಗೇ ಒಗ್ಗುತ್ತವೆ. ಮಾಂಸ ತಿನ್ನದವರು ಡಿಸೆಂಬರ್ ಜನವರಿಯಲ್ಲಿ ಹಿತಕಿದ ಅವರೆಬೇಳೆಯನ್ನು ಕರಿದು, ಉಪ್ಪು ಖಾರ ಬೆರೆಸಿ ಇಟ್ಟುಕೊಳ್ಳಲಿ. ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಸಿಹಿ ಬೇಕು ಅಂದರೆ ಎಳ್ಳು ಹಾಕಿದ ಕಜ್ಜಾಯ, ಅದೂ ಅರ್ಧ. ಹುಣಸೆ ಹುಳಿ, ಟೊಮೆಟೊ ಗೊಜ್ಜು, ಉಪ್ಪಿನಕಾಯಿ ಹತ್ತಿರ ಸೇರಿಸಬೇಡಿ. ಹುಳಿ ತಾಗಿದರೆ ಹುರಿದ ಮಾಲ್ಟ್ ಒಗರಾಗುತ್ತದೆ.

ತಾವೇ ಬಿಯರ್ ಮಾಡಿ ಮಾರುವ ಬೆಂಗಳೂರಿನ ಬ್ರೂಪಬ್‌ಗಳವರಿಗೆ ನನ್ನದೊಂದು ಬೇಡಿಕೆ ಇದೆ. ಊರಿಂದ ಅಲ್ಲಿಗೆ 70 ಕಿಲೋಮೀಟರ್ ಕೂಡ ಆಗಲ್ಲ. ನಮ್ಮಲ್ಲಿ ರಾಗಿ ಇದೆ, ಹಾಲೂ ಇದೆ. ನೇಪಾಳ, ಸಿಕ್ಕಿಂ ಕಡೆ ರಾಗಿಯಿಂದಲೇ ತೋಂಗ್ಬಾ ಅನ್ನೋ ಮದ್ಯ ಮಾಡುತ್ತಾರೆ, ಹಾಗಾಗಿ ರಾಗಿ ಹುಳಿ ಬರುತ್ತದೋ ಇಲ್ಲವೋ ಅನ್ನೋ ಅನುಮಾನ ಬೇಡ. ಬಾರ್ಲಿ ಮಾಲ್ಟ್ ಮುಖ್ಯವಾಗಿರಲಿ, ಜೊತೆಗೆ ಮೊಳಕೆ ಬರಿಸಿ ಕಪ್ಪಗೆ ಹುರಿದ ಕೋಲಾರದ ರಾಗಿ ಒಂದು ಪಾಲು, ಮೇಲೆ ಲ್ಯಾಕ್ಟೋಸ್. ಮದ್ಯದ ಅಂಶ ಶೇಕಡಾ 4 ದಾಟದಿರಲಿ. ಅರ್ಧ ಲೋಟದ ಅಳತೆಯಲ್ಲೂ ಕೊಡಿ, ಜೊತೆಗೆ ಮೆನುವಿನಲ್ಲಿ ನಾಟಿಕೋಳಿ ಹುರಿದದ್ದು ಇರಲಿ. ಅಂಥದ್ದೊಂದು ಶುರುವಾದರೆ ಸೂಟ್‌ಕೇಸಿನಲ್ಲಿ ಕ್ಯಾನ್ ಹೊತ್ತು ತರುವ ಕೆಲಸ ನನಗೆ ತಪ್ಪುತ್ತದೆ, ಆ ಜಾಗದಲ್ಲಿ ವಾಪಸ್ ಬರುವಾಗ ಹುರಿಹಿಟ್ಟು ತುಂಬಿಕೊಂಡು ಬರುತ್ತೇನೆ.