ರೋಬೋಟ್ ಬಿಡಿ, ಆರ್ಡರ್ ಕೊಟ್ಟವನನ್ನು ತೋರಿಸಿ

ಇವತ್ತು ಬೆಳಿಗ್ಗೆ ಮತ್ತೊಮ್ಮೆ ಮನುಷ್ಯಕುಲ ನಾಶವಾಯಿತು. ಬೂತ್‌ನಲ್ಲಿ ನಿಂತು ಕಿರುಚಿದವಳು ನಾನೇ.

ನನ್ನ ಹೊಟ್ಟೆಪಾಡು ಸಿನಿಮಾ ಡಬ್ಬಿಂಗ್. ಬೇರೆಯವರ ಬಾಯಿಗೆ ನನ್ನ ಮಾತು. ಈ ಸಲದ್ದು ದೊಡ್ಡ ಬಜೆಟ್ಟಿನ ಸಿನಿಮಾ, ಹೆಸರು ಹೇಳುವಂತಿಲ್ಲ. ಹೇಳಿದರೂ ವ್ಯತ್ಯಾಸವಿಲ್ಲ, ಇಂಥದ್ದನ್ನು ನೀವು ಎಷ್ಟೋ ನೋಡಿದ್ದೀರಿ. ಕೆಂಪು ಕಣ್ಣಿನ ರೋಬೋಟ್‌ಗಳು ಊರಿಗೆ ನುಗ್ಗುತ್ತವೆ. ನಾಯಕನ ಹೆಂಡತಿಯ ಜಾಗದಲ್ಲಿ ಅವಳ ಕ್ಲೋನ್ ಬಂದು ಕೂತಿದೆ. ಅಸಲಿ ಹೆಂಡತಿ ಎಲ್ಲೋ ಗಾಜಿನ ತೊಟ್ಟಿಯಲ್ಲಿ ತೇಲುತ್ತಿದ್ದಾಳೆ. ಅಸಲಿಗೂ ನಾನೇ ಧ್ವನಿ, ನಕಲಿಗೂ ನಾನೇ. "ಮೇಡಂ, ಕ್ಲೋನ್ ಮಾತಾಡುವಾಗ ಸ್ವಲ್ಪ ಫೀಲ್ ಕಮ್ಮಿ ಮಾಡಿ" ಅಂದರು ಇಂಜಿನಿಯರ್. ಮಾಡಿದೆ. ದುಡ್ಡು ಮಾತ್ರ ಒಬ್ಬರದ್ದೇ ಕೊಟ್ಟರು.

"ಅಯ್ಯೋ, ಅವು ಬಂದುಬಿಟ್ವು!" ಅನ್ನೋದು ನನ್ನ ಮುಖ್ಯ ಡೈಲಾಗು. ಟೇಕ್ ಮೇಲೆ ಟೇಕ್. ಒಂದರಲ್ಲಿ ತುಟಿಯಾಟಕ್ಕೆ ಮಾತು ಕೂರಲಿಲ್ಲ, ಇನ್ನೊಂದರಲ್ಲಿ ಮೈಕ್ ಒಡೆಯುವ ಹಾಗೆ ಕಿರುಚಿದೆ. ಹೆಡ್‌ಫೋನ್‌ನಲ್ಲಿ ನನ್ನದೇ ಕಿರುಚಾಟ ಕೇಳಿ ಕೇಳಿ ತಲೆ ಕೆಟ್ಟಿತು. ಬಂದುಬಿಟ್ವಂತೆ. ಎಲ್ಲಿಂದ ಬಂದ್ವು ಸ್ವಾಮಿ? ಮಳೆಯ ಜೊತೆ ಸುರಿದ್ವಾ? ಅಷ್ಟೊಂದು ಲೋಹ, ಅಷ್ಟೊಂದು ಕರೆಂಟು, ಅಷ್ಟೊಂದು ಕಾರ್ಖಾನೆ. ಯಾರೋ ದುಡ್ಡು ಹಾಕಿರಬೇಕು, ಯಾರೋ ಸೈನ್ ಹಾಕಿರಬೇಕು. ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾದಲ್ಲಿ ಆ ಮನುಷ್ಯ ಒಂದು ಸೀನಿಗೂ ಬರಲ್ಲ. ತಲೆ ಕೆದರಿದ ಒಬ್ಬ ವಿಜ್ಞಾನಿ ಬರುತ್ತಾನೆ, "ನಾನೇನು ಮಾಡಿಬಿಟ್ಟೆ!" ಅನ್ನುತ್ತಾನೆ, ಸಾಯುತ್ತಾನೆ. ಮುಗೀತು ವಿಚಾರಣೆ.

ನನ್ನ ತಕರಾರು ಇದೊಂದೇ. ಮನುಷ್ಯರ ಜಾಗಕ್ಕೆ ರೋಬೋಟ್ ಬರುವ ಕಥೆ, ಕ್ಲೋನ್ ಬರುವ ಕಥೆ, ಎಲ್ಲದರಲ್ಲೂ ಬಂದದ್ದೇ ಅಪರಾಧಿ. ತರಿಸಿಕೊಂಡವನು ಫ್ರೇಮಿನ ಆಚೆ ಆರಾಮಾಗಿ ಕೂತಿರುತ್ತಾನೆ.

ಸಿಟ್ಟು ಯಾಕೆ ಜಾಸ್ತಿ ಅಂದರೆ, ಈ ಕಥೆ ಹುಟ್ಟಿದಾಗ ಹೀಗಿರಲಿಲ್ಲ. ಚೆಕ್ ಬರಹಗಾರ ಕಾರೆಲ್ ಚಾಪೆಕ್ 1920ರಲ್ಲಿ 'ಆರ್.ಯು.ಆರ್.' ಅಂತ ಒಂದು ನಾಟಕ ಬರೆದ. 1921ರಲ್ಲಿ ಅದು ಪ್ರಾಗ್‌ನಲ್ಲಿ ರಂಗದ ಮೇಲೆ ಬಂತು. ಜಗತ್ತಿಗೆ 'ರೋಬೋಟ್' ಅನ್ನುವ ಹೆಸರು ಸಿಕ್ಕಿದ್ದು ಅಲ್ಲಿಂದ. ಆ ರೋಬೋಟ್‌ಗಳು ತಗಡಿನ ಡಬ್ಬಗಳಲ್ಲ. ದೊಡ್ಡ ತೊಟ್ಟಿಗಳಲ್ಲಿ ಒಂದು ಬಗೆಯ ಜೀವದ್ರವ್ಯ ಕಲಸುತ್ತಾರೆ, ನರಗಳನ್ನು ಗಿರಣಿಯಲ್ಲಿ ನೂಲುತ್ತಾರೆ, ಆಮೇಲೆ ಎಲ್ಲ ಜೋಡಿಸುತ್ತಾರೆ. ನೋಡೋಕೆ ನಮ್ಮ ಹಾಗೇ. ಅಂದರೆ ಮೊದಲ ರೋಬೋಟ್ ಇವತ್ತಿನ ಸಿನಿಮಾದ ರೋಬೋಟ್‌ಗಿಂತ ಕ್ಲೋನ್‌ಗೇ ಹತ್ತಿರ. ಇನ್ನೂ ಮಜಾ ಏನು ಗೊತ್ತಾ? ನಾಟಕದ ಹೆಸರು ಆ ರೋಬೋಟ್‌ಗಳನ್ನು ತಯಾರಿಸುವ ಕಂಪನಿಯ ಹೆಸರು! ರೊಸುಮನ ಯೂನಿವರ್ಸಲ್ ರೋಬೋಟ್ಸ್. ನಾಟಕ ಶುರುವಾಗೋದೇ ಕಾರ್ಖಾನೆಯ ಆಫೀಸಿನಲ್ಲಿ, ಮ್ಯಾನೇಜರ್ ಪತ್ರ ಹೇಳಿ ಬರೆಸುವಾಗ.

ಮುಂದೆ ಆಗೋದನ್ನೂ ಚಾಪೆಕ್ ಸಾಲಾಗಿ ಹೇಳುತ್ತಾನೆ. ರೋಬೋಟ್ ಬಂದು ಕೆಲಸ ಹೋಯಿತು ಅಂತ ಕಾರ್ಮಿಕರು ದಂಗೆ ಏಳುತ್ತಾರೆ. ಅವರನ್ನು ಹತ್ತಿಕ್ಕೋಕೆ ರೋಬೋಟ್‌ಗಳ ಕೈಗೆ ಆಯುಧ ಕೊಡುತ್ತಾರೆ. ಸರ್ಕಾರಗಳು ಅವನ್ನು ಸೈನಿಕರನ್ನಾಗಿ ಮಾಡಿಕೊಂಡು ಯುದ್ಧಕ್ಕೆ ಕಳಿಸುತ್ತವೆ. ಕಂಪನಿ ಆರ್ಡರ್ ಬಂದ ಹಾಗೆಲ್ಲ ಕಳಿಸುತ್ತಲೇ ಇರುತ್ತದೆ. ಕೊನೆಗೆ ಅವು ತಿರುಗಿಬಿದ್ದು ಮನೆ ಮುತ್ತಿಗೆ ಹಾಕಿದಾಗ, ಒಳಗೆ ಸಿಕ್ಕಿಹಾಕಿಕೊಂಡವರು ತಪ್ಪು ಯಾರದು ಅಂತ ಜಗಳವಾಡುತ್ತಾರೆ. ಆಗ ವ್ಯಾಪಾರ ನೋಡಿಕೊಳ್ಳುವ ಬುಸ್ಮನ್ ಹೇಳುವ ಮಾತಿನ ಸಾರ ಇಷ್ಟು: ಎಷ್ಟು ತಯಾರಿಸಬೇಕು ಅಂತ ನಿರ್ಧರಿಸಿದ್ದು ನಾವಲ್ಲ ಕಣ್ರೀ, ಬೇಡಿಕೆ, ಇಡೀ ಜಗತ್ತಿಗೆ ರೋಬೋಟ್ ಬೇಕಿತ್ತು. ನೂರು ವರ್ಷ ಆಯಿತು. ಇವತ್ತಿಗೂ ಕಂಪನಿಗಳು ಹೇಳೋದು ಇದನ್ನೇ ಅಲ್ವಾ?

ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಕಥೆಯಿಂದ ನಮ್ಮ ಸಿನಿಮಾದವರು ಎತ್ತಿಕೊಂಡಿದ್ದು ಏನು? ಕೊಲ್ಲುವ ರೋಬೋಟ್. ಆಫೀಸು, ಮ್ಯಾನೇಜರು, ಆರ್ಡರ್ ಪುಸ್ತಕ ಎಲ್ಲ ಕಸದ ಬುಟ್ಟಿಗೆ.

ಇದಕ್ಕೂ ಹಿಂದೆ ಹೋಗಿ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಕಾಲುಚೀಲ ಹೆಣೆಯುವವರು ಯಂತ್ರ ಒಡೆಯೋಕೆ ಶುರು ಮಾಡಿದರು. ಲಡೈಟ್ ಅಂತ ಅವರಿಗೆ ಹೆಸರು. ಇವತ್ತು ಅದು ಬೈಗುಳ. ಹೊಸ ಫೋನ್ ಬೇಡ ಅಂದವರಿಗೆಲ್ಲ ಅಂಟಿಸೋದು. ಆದರೆ ಅವರು ಕಣ್ಣು ಮುಚ್ಚಿಕೊಂಡು ಸಿಕ್ಕಿದ್ದನ್ನೆಲ್ಲ ಒಡೆದವರಲ್ಲ. ಕೂಲಿ ಕಡಿತ ಮಾಡಿದ, ಕಳಪೆ ಮಾಲು ಮಾಡಿಸುತ್ತಿದ್ದ ಮಾಲೀಕರ ಯಂತ್ರಗಳನ್ನು ಹುಡುಕಿ ಒಡೆದರು, ಸರಿಯಾಗಿ ಕೂಲಿ ಕೊಡುವವರದನ್ನು ಬಿಟ್ಟರು. ಅವರಿಗೆ ಯಂತ್ರ ಯಾವುದು ಅನ್ನೋದಕ್ಕಿಂತ ಯಾರದು ಅನ್ನೋದು ಮುಖ್ಯವಾಗಿತ್ತು. ನಮ್ಮ ಸಿನಿಮಾ ನಾಯಕರಿಗೆ ಇಷ್ಟು ಬುದ್ಧಿ ಇದ್ದಿದ್ದರೆ ಕ್ಲೈಮ್ಯಾಕ್ಸ್ ಅರ್ಧ ಗಂಟೆ ಕಮ್ಮಿ ಆಗುತ್ತಿತ್ತು. ಸರ್ಕಾರ 1812ರಲ್ಲಿ ಯಂತ್ರ ಒಡೆದವರಿಗೆ ಮರಣದಂಡನೆ ಅಂತ ಕಾನೂನು ಮಾಡಿತು. ಅದರ ವಿರುದ್ಧ ಸಂಸತ್ತಿನಲ್ಲಿ ಎದ್ದು ಮಾತಾಡಿದವರಲ್ಲಿ ಕವಿ ಬೈರನ್ ಒಬ್ಬ.

ಅದೇ ಬೈರನ್ 1816ರಲ್ಲಿ ಜಿನೀವಾ ಸರೋವರದ ದಂಡೆಯಲ್ಲಿ ಗೆಳೆಯರಿಗೆ ಒಂದೊಂದು ದೆವ್ವದ ಕಥೆ ಬರೆಯೋಣ ಅಂದ. ಹದಿನೆಂಟರ ಹುಡುಗಿ ಮೇರಿ ಬರೆಯೋಕೆ ಕೂತಳು. 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ಬಂತು. ಅದನ್ನೂ ಹಾಗೇ ಕೆಡಿಸಿದ್ದೇವೆ. ಫ್ರಾಂಕೆನ್‌ಸ್ಟೈನ್ ಅಂದರೆ ಕಥೆಯಲ್ಲಿ ಮನುಷ್ಯನೊಬ್ಬ ಮಾಡಿ ಜೀವ ಕೊಟ್ಟ ಆ ಭೂತವೇ ಅಂದುಕೊಂಡವರು ಎಷ್ಟು ಜನ! ಅದು ಮಾಡಿದವನ ಹೆಸರು. ಮಾಡಿದ್ದು ಕಣ್ಣು ಬಿಟ್ಟ ತಕ್ಷಣ ಓಡಿಹೋದವನ ಹೆಸರು. ಆ ಜೀವ ತಾನೇ ಮಾತು ಕಲಿಯುತ್ತೆ, ಓದೋದು ಕಲಿಯುತ್ತೆ, ಕೊನೆಗೆ ನನಗೊಂದು ಜೊತೆ ಮಾಡಿಕೊಡು ಅಂತ ಬೇಡುತ್ತೆ. ಅವನು ಶುರು ಮಾಡಿ, ಇವೆರಡೂ ಸೇರಿ ಮಕ್ಕಳು ಮಾಡಿ ಭೂಮಿ ತುಂಬಿಕೊಂಡರೆ ಮನುಷ್ಯರ ಗತಿ ಏನು ಅಂತ ಹೆದರಿ, ಅರ್ಧ ಮಾಡಿದ್ದನ್ನು ಹರಿದುಹಾಕುತ್ತಾನೆ. "ಅವು ನಮ್ಮ ಜಾಗಕ್ಕೆ ಬರುತ್ತವೆ" ಅನ್ನುವ ಭಯ ಅಲ್ಲೇ ಇದೆ. ಆದರೆ ಮೇರಿ ಶೆಲ್ಲಿ ಆ ಭಯವನ್ನು ಓಡಿಹೋದವನ ಬಾಯಲ್ಲಿ ಇಟ್ಟಿದ್ದಾಳೆ. ಅವಳಿಗೆ ಗೊತ್ತಿತ್ತು ಏನು ಮಾಡುತ್ತಿದ್ದೇನೆ ಅಂತ.

ಇನ್ನು ಕ್ಲೋನ್ ವಿಷಯ. ಇದರಲ್ಲಿ ಸಿನಿಮಾದವರಿಗೆ ನಾಚಿಕೆಯೇ ಇಲ್ಲ. ತೊಟ್ಟಿಯಿಂದ ಸೀದಾ ಮೂವತ್ತೈದರ ಹೆಂಗಸು ಎದ್ದು ಬರುತ್ತಾಳೆ, ಮೇಕಪ್ ಸಮೇತ. ಮದುವೆ ದಿನದ ನೆನಪೂ ತಲೆಯಲ್ಲಿದೆ! ನಿಜವಾದ ಕ್ಲೋನ್ ನೋಡಿ, ಡಾಲಿ ಅನ್ನುವ ಕುರಿ ಹುಟ್ಟಿದ್ದು 1996ರಲ್ಲಿ, ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ. ಆರು ವರ್ಷದ ಕುರಿಯ ಕೆಚ್ಚಲಿನ ಜೀವಕೋಶದಿಂದ ಮಾಡಿದ್ದು. ಹುಟ್ಟಿದ್ದು ಮಾತ್ರ ಮರಿಯಾಗಿ, ಇನ್ನೊಂದು ಕುರಿಯ ಹೊಟ್ಟೆಯಿಂದ. 277 ಅಂಡಗಳಲ್ಲಿ ಜೀವಕೋಶ ಬೆಸೆದು, 29 ಭ್ರೂಣ ಸಿಕ್ಕಿ, ಉಳಿದದ್ದು ಒಂದೇ ಮರಿ. ನಿಮ್ಮನ್ನು ಕ್ಲೋನ್ ಮಾಡಿದರೂ ಬರೋದು ಒಂದು ಅಳುವ ಕೂಸು. ನಿಮ್ಮ ಹೆಂಡತಿ ಅದನ್ನು ನೋಡಿ ನೀವೇ ಅಂದುಕೊಳ್ಳುವ ಅಪಾಯ ಇಲ್ಲ.

ನನಗೆ ಡಾಲಿಗಿಂತ ಇಷ್ಟವಾದದ್ದು ಸಿಸಿ ಅನ್ನುವ ಬೆಕ್ಕು. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕು. ಮೂಲ ಬೆಕ್ಕಿನ ಹೆಸರು ರೇನ್‌ಬೋ. ಮೈಮೇಲೆ ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣ. ಸಿಸಿ ಹುಟ್ಟಿದ್ದು ಬಿಳಿ ಮೈಮೇಲೆ ಬೂದು ಪಟ್ಟೆ ಹೊತ್ತು. ಕಿತ್ತಳೆ ನಾಪತ್ತೆ! ಹೆಣ್ಣುಬೆಕ್ಕಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಿರುತ್ತವೆ, ಅಂದರೆ ಕಿತ್ತಳೆ ಬಣ್ಣದಂಥ ಗುಣಗಳನ್ನು ಹೊತ್ತ ಎಳೆಗಳು. ಅದರಲ್ಲೊಂದು ಸುಮ್ಮನಾಗಿಬಿಡುತ್ತದೆ, ಯಾವುದು ಅಂತ ನಿಯಮ ಇಲ್ಲ. ಸಿಸಿಯನ್ನು ಮಾಡಿದ ಜೀವಕೋಶದಲ್ಲಿ ಕಿತ್ತಳೆ ಬಣ್ಣ ಕೊಡುವ ಎಕ್ಸ್ ಮುಚ್ಚಿಹೋಗಿತ್ತು. ಒಂದು ಬೆಕ್ಕಿನ ಬಣ್ಣವನ್ನೇ ನಕಲು ಮಾಡೋಕಾಗಲಿಲ್ಲ, ಇಲ್ಲಿ ಗಂಡನಿಗೇ ಗೊತ್ತಾಗದ ಹೆಂಡತಿ. ಈ ಸಂಶೋಧನೆ ಶುರುವಾಗಿದ್ದು ಹೇಗೆ ಅಂತೀರಾ? ಒಬ್ಬ ಶ್ರೀಮಂತರಿಗೆ ಒಂದು ನಾಯಿಯ ಕ್ಲೋನ್ ಬೇಕಿತ್ತು, ದುಡ್ಡು ಕೊಟ್ಟರು. ನೋಡಿ, ಆರ್ಡರ್ ಕೊಟ್ಟವರು ಸಿಕ್ಕರು. ಹುಡುಕಿದರೆ ಯಾವಾಗಲೂ ಸಿಗುತ್ತಾರೆ.

"ಸಿನಿಮಾ ಅಂದಮೇಲೆ ಸ್ವಲ್ಪ ಮಸಾಲೆ ಬೇಡ್ವಾ, ಪರ್ಚೇಸ್ ಆರ್ಡರ್ ನೋಡೋಕೆ ಯಾರು ಟಿಕೆಟ್ ತಗೋತಾರೆ?" ಅಂತ ಕೇಳುವವರು ಇಲ್ಲಿ ಇಬ್ಬರು ಮೂವರಾದರೂ ಇದ್ದೀರಿ. ನಿಮ್ಮ ಹೆಸರೂ ಗೊತ್ತು ನನಗೆ. ಕಜುವೊ ಇಶಿಗುರೊ 2005ರಲ್ಲಿ ಬರೆದ 'ನೆವರ್ ಲೆಟ್ ಮಿ ಗೋ' ಓದಿ. ಅಂಗಾಂಗ ತೆಗೆಯೋಕೆಂದೇ ಬೆಳೆಸಿದ ಕ್ಲೋನ್‌ಗಳ ಕಥೆ. ಅವರು ದಂಗೆ ಏಳಲ್ಲ, ಬೇಲಿ ಹಾರಲ್ಲ. ಶಾಲೆಗೆ ಹೋಗುತ್ತಾರೆ, ಚಿತ್ರ ಬರೆಯುತ್ತಾರೆ, ಪ್ರೀತಿ ಮಾಡುತ್ತಾರೆ, ಕರೆ ಬಂದಾಗ ಒಂದೊಂದೇ ಅಂಗ ಕೊಟ್ಟು ಸಾಯುತ್ತಾರೆ. ಅಲ್ಲಿ ಆರ್ಡರ್ ಕೊಟ್ಟವರು ಇಡೀ ಸಮಾಜ. ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಒಮ್ಮೆ ಗೊತ್ತಾದಮೇಲೆ ಜನ ಹಿಂದಕ್ಕೆ ಹೋಗೋಕೆ ಒಪ್ಪಲ್ಲ, ಅಷ್ಟೇ. ಕೆಂಪು ಕಣ್ಣು ಒಂದೂ ಇಲ್ಲ. ಓದಿ ಮುಗಿಸಿದ ರಾತ್ರಿ ನಾನು ಲೈಟ್ ಆರಿಸಲಿಲ್ಲ.

ಇನ್ನೊಂದು ವಾದ, ಸ್ವಲ್ಪ ಓದಿಕೊಂಡವರದು: ಯಂತ್ರಕ್ಕೇ ಸ್ವಂತ ಬುದ್ಧಿ ಬಂದುಬಿಟ್ಟರೆ, ಆಗ ಮಾಲೀಕ ಯಾರಾದರೇನು? ಸರಿ, ಬಂದಾಗ ನೋಡೋಣ. ಅಲ್ಲಿಯವರೆಗೆ ಮಾಲೀಕನಿಗೆ ರಜೆ ಯಾಕೆ? ವಿಜ್ಞಾನ ಕಥೆಗಳ ಬರಹಗಾರ ಐಸಾಕ್ ಅಸಿಮೋವ್ 1942ರ ಕಥೆಯಲ್ಲಿ ಬರೆದ ಮೂರು ನಿಯಮ ಎಲ್ಲರಿಗೂ ಬಾಯಿಪಾಠ. ರೋಬೋಟ್ ಮನುಷ್ಯನಿಗೆ ತೊಂದರೆ ಮಾಡಬಾರದು, ಹೇಳಿದ ಮಾತು ಕೇಳಬೇಕು, ತನ್ನನ್ನು ಕಾಪಾಡಿಕೊಳ್ಳಬೇಕು. ಮೂರೂ ರೋಬೋಟಿಗೆ. ನಾಳೆಯಿಂದ ಬರಬೇಡಿ ಅಂತ ನೂರು ಜನಕ್ಕೆ ಕಾಗದ ಕಳಿಸು ಅಂದರೆ ಅದು ಎರಡನೇ ನಿಯಮದ ಪ್ರಕಾರ ನೀಟಾಗಿ ಕಳಿಸುತ್ತೆ. ಅದು ತೊಂದರೆಯಾ ಅಂತ ಮೊದಲನೇ ನಿಯಮವನ್ನು ಯಾರು ಕೇಳಬೇಕು?

ಇಷ್ಟು ಕೂಗಾಡೋಕೆ ಕಾರಣ ಹೇಳಿಬಿಡ್ತೀನಿ. ಇವತ್ತು ಡಬ್ಬಿಂಗ್ ಮುಗಿಸಿ ಹೊರಗೆ ಬಂದಾಗ ವೋಚರ್ ಜೊತೆ ಇನ್ನೊಂದು ಹಾಳೆ ಇತ್ತು. "ಸುಮ್ನೆ ಫಾರ್ಮಾಲಿಟಿ ಮೇಡಂ, ಎಲ್ಲರೂ ಹಾಕಿದ್ದಾರೆ" ಅಂದ ಹುಡುಗ. ಓದಿದೆ. ನನ್ನ ಧ್ವನಿಯ ಮಾದರಿ ಇಟ್ಟುಕೊಂಡು, ನಾನು ಆಡದ ಮಾತನ್ನು ಅದರಿಂದ ಆಡಿಸುವ ಹಕ್ಕು ಶಾಶ್ವತವಾಗಿ ಅವರದಂತೆ. ಈಗಿರುವ ಮತ್ತು ಇನ್ನು ಮುಂದೆ ಕಂಡುಹಿಡಿಯಲಿರುವ ಎಲ್ಲ ಮಾಧ್ಯಮಗಳಲ್ಲಿ. ಕ್ಲೋನ್ ಬರುತ್ತೆ ಅಂತ ಗಂಟಲು ಹರಿದುಕೊಂಡು ಕಿರುಚಿಸಿ, ಅದೇ ಗಂಟಲಿನ ಕ್ಲೋನ್‌ಗೆ ಸೈನ್ ಕೇಳುತ್ತಾರೆ! ಹಾಕಿಲ್ಲ. ಇನ್ನು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅಮೆರಿಕದ ಸಿನಿಮಾ ನಟರು 2023ರಲ್ಲಿ 118 ದಿನ ಮುಷ್ಕರ ಮಾಡಿದ್ದು ನೆನಪಿದೆಯಾ? ಅವರ ಬೇಡಿಕೆಗಳಲ್ಲಿ ಇದೂ ಒಂದು. ಡಿಜಿಟಲ್ ನಕಲು ಮಾಡಬೇಕಾದರೆ ಒಪ್ಪಿಗೆ ಬೇಕು, ದುಡ್ಡು ಕೊಡಬೇಕು ಅಂತ ಬರೆಸಿಕೊಂಡೇ ಎದ್ದರು. ಅವರಿಗೆ ಸಂಘ ಇತ್ತು. ನಮಗೆ ಒಂದು ವಾಟ್ಸಾಪ್ ಗ್ರೂಪ್ ಇದೆ, ಅದರಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಿಲ್ಲ.

ನಾನೇನು ಸಂತೆ ಹೊರಗಿನವಳಲ್ಲ. ನನ್ನ ಸ್ಕ್ರಿಪ್ಟುಗಳನ್ನು ಮೊದಲು ಒಬ್ಬ ಹುಡುಗ ಟೈಪ್ ಮಾಡಿಕೊಡುತ್ತಿದ್ದ. ಈಗ ಫೋನಿನ ಮುಂದೆ ಓದುತ್ತೇನೆ, ಅದೇ ಟೈಪ್ ಮಾಡುತ್ತೆ. ಬೇಗ ಆಗುತ್ತೆ, ಪುಕ್ಕಟೆ ಬೇರೆ. ವಾಪಸ್ ಅವನ ಹತ್ತಿರ ಹೋಗ್ತೀಯಾ ಅಂದರೆ, ಇಲ್ಲ, ಹೋಗಲ್ಲ. ಮೀಟಿಂಗುಗಳಲ್ಲಿ ನನ್ನ ಬದಲು ಕೂತು ತಲೆ ಅಲ್ಲಾಡಿಸುವ ಕ್ಲೋನ್ ಸಿಕ್ಕರೆ ಕ್ಯೂನಲ್ಲಿ ಮೊದಲು ನಾನೇ. ಬುಸ್ಮನ್ ಹೇಳಿದ "ಇಡೀ ಜಗತ್ತು" ಅನ್ನೋದರಲ್ಲಿ ನನ್ನ ಮನೆಯೂ ಬಂತು. ಅದಕ್ಕೇ ಹೇಳೋದು, ಕಥೆಯಲ್ಲಿ ನಮ್ಮನ್ನೂ ಕೂರಿಸಿ. ಬರೀ ಕಿರುಚಿಸಬೇಡಿ.

ಬೋರ್ ಆಗುತ್ತೆ ಅನ್ನುವ ಚಿಂತೆ ಬಿಡಿ. ಆರ್.ಯು.ಆರ್.ನಲ್ಲಿ ಆ ಬುಸ್ಮನ್ ಏನಾದ ಅಂತ ಕೇಳಿ. ಹೊರಗೆ ಸಾವಿರಾರು ರೋಬೋಟ್‌ಗಳು. ಇವರು ಕಾಂಪೌಂಡಿನ ಕಂಬಿಗಳಿಗೆ ಕರೆಂಟ್ ಹರಿಸಿದ್ದಾರೆ. ಇವನು ಅಷ್ಟೂ ದುಡ್ಡಿನ ಲೆಕ್ಕ ಹಾಕಿ, ಕಟ್ಟುಗಳನ್ನು ಎತ್ತಿಕೊಂಡು, ರೋಬೋಟ್‌ಗಳ ಜೊತೆ ಚೌಕಾಸಿ ಮಾಡಿ ಪ್ರಾಣ ಕೊಂಡುಕೊಳ್ಳೋಣ ಅಂತ ಹೊರಡುತ್ತಾನೆ. ಮಾತಾಡುತ್ತಾ ಮಾತಾಡುತ್ತಾ ಅದೇ ಕಂಬಿಗೆ ಮೈ ತಗಲಿಸಿ ಸಾಯುತ್ತಾನೆ. ಅವನನ್ನು ಕೊಂದದ್ದು ರೋಬೋಟ್ ಅಲ್ಲ. ಈ ಸೀನ್ ಯಾರಾದರೂ ಸಿನಿಮಾ ಮಾಡಿ, ಟಿಕೆಟ್ ನಾನು ತಗೋತೀನಿ.